ಅಧಿಕಾರವಿಲ್ಲದ ಸಹಿ

ಫೆಬ್ರವರಿ ೩

ತಂಗೀ,

ಎರಡು ಸಲ ಫೋನ್ ಮಾಡಿದೆ. ಮೊದಲ ಸಲ ನನ್ನ ದನಿ ಕೇಳಿದ ಕೂಡಲೇ ನೀನು ಇಟ್ಟುಬಿಟ್ಟೆ. ಎರಡನೇ ಸಲ ನಿಮ್ಮಮ್ಮ ಎತ್ತಿ "ಅವಳು ಮನೇಲಿಲ್ಲ" ಅಂದ್ರು. ಹಿಂದೆ ನೀನು ಕೆಮ್ಮಿದ್ದು ಕೇಳಿಸ್ತು. ಹಾಗಾಗಿ ಕಾಗದ ಬರೀತಿದ್ದೀನಿ. ಇದನ್ನ ಅರ್ಧಕ್ಕೆ ಇಟ್ಟರೂ ಮತ್ತೆ ಎತ್ತಿಕೋಬಹುದು.

ನನ್ನನ್ನ ಲಾಂಡ್ರಿಯಿಂದ ತೆಗೆದುಹಾಕಿದ್ದಾರೆ. ಇಪ್ಪತ್ತೆರಡು ವರ್ಷ ಆಸ್ಪತ್ರೆ ಚಾದರಗಳನ್ನ ಇಸ್ತ್ರಿ ಮಾಡಿದವಳಿಗೆ ಒಂದೇ ಒಂದು ಹಾಳೆ ಕೊಟ್ಟು ಗೇಟಿನ ಆಚೆ ಕಳಿಸಿದರು. ಆಗಿದ್ದು ಇಷ್ಟು. ನವೆಂಬರಿನಲ್ಲಿ ಚಾದರ ಇಸ್ತ್ರಿ ಮಾಡೋ ಮೂರನೇ ರೋಲರಿಗೆ ಒಬ್ಬಳ ಬಲಗೈ ಸಿಕ್ಕಿಕೊಂಡಿತು. ನೀನು ಅವಳನ್ನ ನೋಡಿಲ್ಲ, ನೀನು ಹೋದಮೇಲೆ ಸೇರಿದವಳು. ನಲವತ್ತು ದಾಟಿದ ಹೆಂಗಸು. ಚಾದರ ಹಾಕುವಾಗೆಲ್ಲ ಹಾಡ್ತಾ ಇರ್ತಿದ್ದಳು, ಎಲ್ಲರೂ "ರೇಡಿಯೋ" ಅಂತ ಕರೀತಿದ್ದೆವು. ನಾಲ್ಕು ಬೆರಳು ಹೋದವು. ಕೈ ತಗುಲಿದ ಕೂಡಲೇ ಯಂತ್ರ ನಿಲ್ಲಲಿ ಅಂತ ರೋಲರ್ ಮುಂದೆ ಒಂದು ತಡೆಪಟ್ಟಿ ಇದೆಯಲ್ಲ, ಅದು ಕೆಟ್ಟಿತ್ತು. ಯಾವಾಗಿನಿಂದ ಕೆಟ್ಟಿತ್ತು ಅಂತ ನಿನಗೆ ನಾನು ಹೇಳಬೇಕಾಗಿಲ್ಲ.

ಆ ಪಾಳಿಯ ಸೂಪರ್‌ವೈಸರ್ ನಾನು, ಹಾಗಾಗಿ ತಪ್ಪೆಲ್ಲ ನನ್ನದು ಅಂತ ಬರೆದುಕೊಂಡರು. ವಿಚಾರಣೆ ಇಲ್ಲ, ಏನಿಲ್ಲ. ಕಾರ್ಮಿಕ ನ್ಯಾಯಾಲಯಕ್ಕೆ ಹೋದೆ. ಅಲ್ಲಿ ಕಂಪನಿಯವರ ಮೊದಲ ಮಾತೇ, "ಈಕೆ ಕಾರ್ಮಿಕಳೇ ಅಲ್ಲ, ಮೇಲ್ವಿಚಾರಕಿ. ಆಡಳಿತದ ಕಡೆಯವಳು. ಈ ಕೋರ್ಟಿನ ಮೆಟ್ಟಿಲು ಹತ್ತೋ ಹಕ್ಕೇ ಈಕೆಗಿಲ್ಲ" ಅಂತ.

ನಮ್ಮ ವಕೀಲಮ್ಮ ಹೇಳೋದು ಬೇರೆ. ಸೂಪರ್‌ವೈಸರ್ ಅಂತ ಕೊಟ್ಟ ಆ ಬಿಳಿ ಕೋಟಿನ ಮೇಲೆ ಏನು ಬರೆದಿದ್ದಾರೆ ಅಂತ ಯಾರೂ ಕೇಳಲ್ಲವಂತೆ. ದಿನವಿಡೀ ಕೈ ಏನು ಮಾಡ್ತಿತ್ತು, ರಜ ಕೊಡೋಕೆ, ಕೆಲಸಕ್ಕೆ ಸೇರಿಸಿಕೊಳ್ಳೋಕೆ, ತೆಗೆದುಹಾಕೋಕೆ ಅಧಿಕಾರ ಇತ್ತಾ ಅಂತ ನೋಡ್ತಾರಂತೆ. ಅದನ್ನ ಕಣ್ಣಾರೆ ಕಂಡವರು ಬಂದು ಹೇಳಬೇಕು. ಒಳಗಿರೋರು ಯಾರೂ ಬರಲ್ಲ, ಬನ್ನಿ ಅನ್ನೋಕೆ ನನಗೂ ಮನಸ್ಸು ಬರಲ್ಲ. ಏಳು ವರ್ಷ ಚಾದರದ ಇನ್ನೊಂದು ತುದಿ ಹಿಡಿದು ನನ್ನ ಪಕ್ಕ ನಿಂತವಳು ನೀನು.

ಬರ್ತೀಯಾ?

ನಿನ್ನ ಅಕ್ಕ


ಫೆಬ್ರವರಿ ೧೯

ಸೂಪರ್‌ವೈಸರ್ ಅವರಿಗೆ,

ನಿಮ್ಮ ಕಾಗದ ಬಂತು. ರೇಡಿಯೋ ಅನ್ನೋರ ವಿಷಯ ಓದಿದೆ. ಈಗ ನಾನಿರೋ ಬಟ್ಟೆ ಆಲ್ಟರೇಷನ್ ಅಂಗಡಿಯಲ್ಲಿ ಆ ದಿನ ಸೂಜಿಗೆ ದಾರ ಪೋಣಿಸೋಕೂ ಆಗಲಿಲ್ಲ. ಉಳಿದದ್ದಕ್ಕೆ ನನ್ನ ಉತ್ತರ: ನಾನು ಬರಲ್ಲ.

ನೀವು ಮರೆತಿದ್ದರೆ ನೆನಪು ಮಾಡ್ತೀನಿ. ಆರು ವರ್ಷದ ಹಿಂದೆ ನಾನು ಕೆಂಪು ಗುಂಡಿ ಒತ್ತಿ ನಿಲ್ಲಿಸಿದ್ದು ಇದೇ ಮೂರನೇ ರೋಲರನ್ನ. ಆ ತಡೆಪಟ್ಟಿ ಸರಿಮಾಡೋ ತನಕ ಚಾದರ ಮುಟ್ಟಲ್ಲ ಅಂತ ಕೈಕಟ್ಟಿ ನಿಂತೆ. ಅರ್ಧ ಗಂಟೆಗೆ ಮ್ಯಾನೇಜರ್ ಕರೆಸಿದರು. ಮೇಜಿನ ಮೇಲೆ ವರದಿ ರೆಡಿ ಇತ್ತು. ನಾನು ಬೇಕಂತಲೇ ಯಂತ್ರ ಕೆಡಿಸಿದೆನಂತೆ, ಬಾಯಿಗೆ ಬಂದ ಹಾಗೆ ಬೈದೆನಂತೆ. ಕೆಳಗೆ ನಿಮ್ಮ ಸಹಿ. ನೀವು ಬಿಳಿ ಕೋಟು ಹಾಕಿಕೊಂಡು ಅವರ ಕುರ್ಚಿ ಪಕ್ಕದಲ್ಲಿ ನೆಲ ನೋಡ್ತಾ ನಿಂತಿದ್ರಿ. ಆಮೇಲೆ ಕಾರಿಡಾರಿನಲ್ಲಿ ನನ್ನ ಕೈ ಹಿಡಿದು ಏನಂದ್ರಿ? "ಸುಮ್ಮನೆ ರಾಜೀನಾಮೆ ಬರೆದುಕೊಡು. ಇಲ್ಲಾಂದ್ರೆ ಪೊಲೀಸ್ ಕಂಪ್ಲೇಂಟ್ ಕೊಡ್ತಾರೆ." ನಾನು ಹೆದರಿ ಬರೆದುಕೊಟ್ಟೆ. ಮ್ಯಾನೇಜರ್ ಹೇಳಿದ್ದರೆ ಜಗಳ ಆಡ್ತಿದ್ದೆ. ಹೇಳಿದ್ದು ನೀವು.

ನೀವು ಮೇಲ್ವಿಚಾರಕಿ ಅಲ್ಲ ಅನ್ನೋದಾದರೆ ಆ ಸಹಿಗೆ ಅಷ್ಟು ಬಲ ಎಲ್ಲಿಂದ ಬಂತು? ಆಗ ಆಡಳಿತದ ಕಡೆ, ಈಗ ಕಾರ್ಮಿಕರ ಕಡೆ. ಬಸ್ಸಿನಲ್ಲಿ ಸೀಟು ಬದಲಾಯಿಸಿದಷ್ಟು ಸಲೀಸಾ ಇದು?

ಇನ್ನು ಮುಂದೆ ಕಾಗದ ಹಾಕಬೇಡಿ. ಅಮ್ಮ ಪ್ರತಿಸಲ ಯಾರದ್ದು ಅಂತ ಕೇಳ್ತಾರೆ.

ಇತಿ,
ನಿಮ್ಮ ಪಾಳಿಯ ಹಳೇ ಕೆಲಸದವಳು


ಮಾರ್ಚ್ ೪

ತಂಗೀ,

ಹಾಕಬೇಡಿ ಅಂದರೂ ಹಾಕ್ತಿದ್ದೀನಿ. ಬೈಯ್ಯೋದಾದರೆ ಇನ್ನೊಂದು ಕಾಗದ ಬರೆದೇ ಬೈಯ್ಯಿ.

ಆ ಕೋಟು ಹೇಗೆ ಬಂತು ಅಂತ ನಿನಗೆ ಗೊತ್ತು. ಆ ದಿನ ನೀನೇ ಮೊದಲು ಚಪ್ಪಾಳೆ ತಟ್ಟಿದ್ದು. ಮ್ಯಾನೇಜರ್ ಕರೆದು, "ಇವತ್ತಿಂದ ನೀವು ಸೂಪರ್‌ವೈಸರ್" ಅಂದ್ರು. ಜೇಬಿನ ಮೇಲೆ ನೀಲಿ ದಾರದಲ್ಲಿ ಹಾಗಂತ ಕಸೂತಿ. ಮನೆಗೂ ಹಾಕಿಕೊಂಡೇ ಹೋದೆ. ನಿಮ್ಮ ಭಾವ ಬಾಗಿಲು ತೆಗೆದು, "ಡಾಕ್ಟರಮ್ಮ, ಇಲ್ಲಿ ಯಾರಿಗೂ ಹುಷಾರು ತಪ್ಪಿಲ್ಲವಲ್ಲ" ಅಂದ್ರು. ಮಾರನೇ ದಿನದಿಂದ ಬೀದಿಯವರೆಲ್ಲ ಸೂಪರ್‌ವೈಸರಮ್ಮ ಅನ್ನೋಕೆ ಶುರುಮಾಡಿದರು. ನನಗೆ ಹಿತವಾಗ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆದರೆ ಒಳಗೆ ಏನು ಬದಲಾಯ್ತು ಹೇಳು? ಕೂರೋಕೆ ಒಂದು ಕುರ್ಚಿ ಕೊಡಲಿಲ್ಲ. ಎಂಟು ಗಂಟೆ ಪಾಳಿಯಲ್ಲಿ ಏಳು ಗಂಟೆ ನಿನ್ನ ಜೊತೆ ರೋಲರಿಗೆ ಚಾದರ ಹಾಕ್ತಾ ಇದ್ದೆ. ಗಂಟೆಗೊಂದು ಸಲ ಎಷ್ಟು ಆಯ್ತು ಅಂತ ಬೋರ್ಡಿನ ಮೇಲೆ ಬರೀತಿದ್ದೆ, ಅಷ್ಟೇ. ಉಗಿ ನನಗೂ ಬಡೀತಿತ್ತು. ಮೊಣಕೈ ಕೆಳಗೆ ಸುಟ್ಟ ಗೆರೆಗಳು ನಿನಗೆಷ್ಟಿವೆಯೋ ನನಗೂ ಅಷ್ಟೇ ಇವೆ. ಈಗ ಗೆಲ್ಲಬೇಕಾದರೆ ನಾನು ಕೋರ್ಟಿನಲ್ಲಿ ನಿಂತು, ಆ ಕೋಟಿನೊಳಗೆ ಏನೂ ಇರಲಿಲ್ಲ ಸ್ವಾಮಿ ಅಂತ ನಾನೇ ಸಾಬೀತು ಮಾಡಬೇಕು. ವಕೀಲಮ್ಮ ಅದನ್ನ ಬಾಯಿಪಾಠ ಮಾಡಿಸ್ತಾರೆ. "ನಿಮಗೆ ಅಧಿಕಾರ ಇತ್ತಾ?" "ಇರಲಿಲ್ಲ." "ಜೋರಾಗಿ ಹೇಳಿ." "ಇರಲಿಲ್ಲ."

ಆ ವರದಿಯ ವಿಷಯ. ಅದನ್ನ ಬರೆದದ್ದು ಮ್ಯಾನೇಜರ್. ನನ್ನನ್ನ ಒಳಗೆ ಕರೆದು, "ಇಲ್ಲಿ ಸಹಿ ಹಾಕಿ" ಅಂದ್ರು, ಹಾಕಿದೆ. ಒಳಗೇನಿದೆ ಅಂತ ಓದಲಿಲ್ಲ. ಓದಿದ್ದರೆ ಹಾಕ್ತಿರಲಿಲ್ಲ ಕಣೇ. ಇಷ್ಟನ್ನ ನಂಬು.

ನಿನ್ನ ಅಕ್ಕ


ಮಾರ್ಚ್ ೨೧

ನಿನ್ನೆ ನಮ್ಮನೆಗೆ ಒಬ್ಬರು ಬಂದಿದ್ದರು. ಕಂಪನಿಯ ಸಿಬ್ಬಂದಿ ವಿಭಾಗದವರು. ಅಮ್ಮನಿಗೆ ಹಣ್ಣು ತಂದಿದ್ದರು, ಚಪ್ಪಲಿ ಹೊರಗೇ ಬಿಟ್ಟರು, ಅಷ್ಟು ವಿನಯ. ಇಲ್ಲೇ ಪಕ್ಕದಲ್ಲಿ ಕಂಪನಿಯ ಹೊಸ ಲಾಂಡ್ರಿ ಶುರುವಾಗ್ತಿದೆಯಂತೆ. ನನಗೆ ಅಲ್ಲಿ ಖಾಯಂ ಕೆಲಸವಂತೆ. ಕೂತು ಮಾಡೋ ಕೆಲಸ, ಹರಿದ ಚಾದರ ಬೇರೆ ಮಾಡೋದು. ನನಗೆ ಈಗ ಸಂಜೆ ಆದರೆ ಕಣ್ಣು ಮಂಜಾಗುತ್ತೆ, ಪ್ಯಾಂಟಿನ ಅಂಚು ಹೊಲಿಯೋಕೆ ಎರಡು ಸಲ ಬಿಚ್ಚಬೇಕು. ಅವರಿಗೆ ಅದೂ ಗೊತ್ತಿತ್ತು.

"ನಾನೇನು ಮಾಡಬೇಕು?" ಅಂದೆ.

"ಸುಳ್ಳೇನೂ ಹೇಳಬೇಡಿ. ನಿಮಗೆ ಆದ ಅನ್ಯಾಯವನ್ನೇ ಹೇಳಿ. ಆಕೆ ವರದಿ ಬರೆದಳು, ನಿಮ್ಮ ಕೆಲಸ ಹೋಯ್ತು. ಇದು ನಿಜ ತಾನೇ?"

ನಿಜ. ಆರು ವರ್ಷದಿಂದ ನಾನು ಅದನ್ನೇ ಹೇಳ್ತಾ ಬಂದಿದ್ದೀನಿ, ಕೇಳೋಕೆ ಈಗ ಒಬ್ಬರು ಬಂದಿದ್ದಾರೆ. ವರದಿಯ ನಕಲು ಕೊಟ್ಟು ಹೋದರು. ಆ ದಿನ ನನಗೆ ಅದನ್ನ ಸರಿಯಾಗಿ ಓದೋಕೂ ಬಿಟ್ಟಿರಲಿಲ್ಲ. ನಿನ್ನೆ ಕಿಟಕಿ ಹತ್ತಿರ ಕೂತು ನಾಲ್ಕು ಸಲ ಓದಿದೆ.

ಓದದೆ ಸಹಿ ಹಾಕಿದೆ ಅಂದೆಯಲ್ಲ? ಎರಡನೇ ಪುಟದಲ್ಲಿ "ಎರಡನೇ ರೋಲರ್" ಅಂತ ಟೈಪ್ ಆಗಿದೆ. ಅದನ್ನ ಪೆನ್ನಿನಲ್ಲಿ ಹೊಡೆದುಹಾಕಿ ಮೇಲೆ "ಮೂರನೇ" ಅಂತ ಬರೆದಿದೆ. ನಿನ್ನ ಅಕ್ಷರ. ಬೋರ್ಡಿನ ಮೇಲೆ ಎರಡು ವರ್ಷ ದಿನಾ ನೋಡಿದ್ದೀನಿ, ಆ ವಕ್ರ "ಮೂ" ನನಗೆ ಗೊತ್ತಾಗಲ್ವಾ? ಪಕ್ಕದಲ್ಲಿ ಪುಟ್ಟದಾಗಿ ಸಹಿ ಬೇರೆ. ಓದದವಳು ಹೇಗೆ ತಿದ್ದಿದೆ? ನಾನು ಯಂತ್ರ ಕೆಡಿಸಿದೆ ಅನ್ನೋ ಸುಳ್ಳಿನ ಮೇಲೆ ನಿನ್ನ ಕಣ್ಣು ಹಾದುಹೋಯ್ತು. ಅದನ್ನ ಹಾಗೇ ಬಿಟ್ಟೆ. ನಂಬರ್ ಮಾತ್ರ ಸರಿಮಾಡಿದೆ.

ಇಷ್ಟನ್ನ ನಂಬು ಅಂತೀಯ. ನಾಚಿಕೆ ಆಗಲ್ವಾ ನಿನಗೆ?

ಅವರು ಮುಂದಿನ ತಿಂಗಳು ಮತ್ತೆ ಬರ್ತಾರೆ. ಹೂಂ ಅನ್ನೋಳಿದ್ದೀನಿ.

ಇತಿ,
ನಾನು


ಏಪ್ರಿಲ್ ೨

ತಂಗೀ,

ನಿನ್ನ ಕಾಗದ ಬಂದು ಆರು ದಿನ ಆಯ್ತು. ನಾಲ್ಕು ಸಲ ಬರೆಯೋಕೆ ಕೂತು ಹರಿದುಹಾಕಿದೆ. ಮಗಳು, "ಯಾರಿಗಮ್ಮ ಇಷ್ಟೊಂದು?" ಅಂತ ಕೇಳಿದಳು. ಅವಳಿಗೂ ಈ ವಿಷಯ ಇಲ್ಲಿಯವರೆಗೆ ಹೇಳಿರಲಿಲ್ಲ. ನೆನ್ನೆ ಹೇಳಿದೆ. ನನ್ನ ಮುಖ ನೋಡದೆ ಎದ್ದುಹೋದಳು.

ಓದಿದ್ದೆ. ಎರಡೂ ಪುಟ ಓದಿದ್ದೆ.

ಮ್ಯಾನೇಜರ್ ಅಂದ್ರು, "ಒಂದೋ ಅವಳು ಹೋಗಬೇಕು, ಇಲ್ಲಾ ಅವಳನ್ನ ಸುಮ್ಮನಿರಿಸೋಕೆ ಆಗದ ಸೂಪರ್‌ವೈಸರ್ ಹೋಗಬೇಕು. ಹೇಳಿ." ನಾನು ಹೆದರಿದೆ, ಅದು ನಿಜ. ಆದರೆ ಹೆದರಿಕೆಯೊಂದೇ ಆಗಿದ್ದರೆ ನಿನಗೆ ಯಾವತ್ತೋ ಬಂದು ಹೇಳಿ ಅತ್ತುಬಿಡ್ತಿದ್ದೆ. ಆ ಬೆಳಿಗ್ಗೆ ನೀನು ಗುಂಡಿ ಒತ್ತಿದಾಗ ಎಲ್ಲರೂ ನಿನ್ನ ಕಡೆ ತಿರುಗಿದರು. ಹದಿನಾಲ್ಕು ಜನ ಹೆಂಗಸರಲ್ಲಿ ಒಬ್ಬಳೂ ನನ್ನ ಕೋಟಿನ ಕಡೆ ನೋಡಲಿಲ್ಲ. ನಾನು, "ಶುರು ಮಾಡ್ರೇ" ಅಂದೆ. ಯಾರೂ ಅಲುಗಲಿಲ್ಲ. ಆಗ ನನಗೆ ಉರಿದುಹೋಯ್ತು ಕಣೇ. ಸಹಿ ಹಾಕುವಾಗ ಆ ಉರಿ ಇನ್ನೂ ಆರಿರಲಿಲ್ಲ. ನೀನಿಲ್ಲದಿದ್ದರೆ ನೆಮ್ಮದಿ ಅಂತ ಅನ್ನಿಸಿತು. ನಂಬರ್ ತಪ್ಪಾಗಿದ್ದು ಕಣ್ಣಿಗೆ ಬಿತ್ತು, ತಿದ್ದಿದೆ. ಕೆಲಸದಲ್ಲಿ ಚೊಕ್ಕ ಅನ್ನಿಸಿಕೊಂಡವಳು ನೋಡು ನಾನು.

ನೀನು ಹೋದಮೇಲೆ ಆ ಪಟ್ಟಿಯನ್ನ ಯಾರೂ ಸರಿಮಾಡಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ನಿನ್ನ ಮಾತು ಸರಿ ಅಂತ ಆಗ್ತಿತ್ತಲ್ಲ. ರೇಡಿಯೋಳ ಮನೆಗೆ ಎರಡು ಸಲ ಹೋದೆ. ಅವಳು ಎಡಗೈಯಲ್ಲಿ ಲೋಟ ಹಿಡಿದು ನನಗೆ ಕಾಫಿ ಕೊಟ್ಟಳು. ಈಗ ಹಾಡಲ್ಲ.

ನನ್ನ ಸಾಕ್ಷಿ ಇಪ್ಪತ್ತೆಂಟನೇ ತಾರೀಕು. ಇದೆಲ್ಲವನ್ನ ಅಲ್ಲೂ ಹೇಳ್ತೀನಿ. ವಕೀಲಮ್ಮ ತಲೆ ಮೇಲೆ ಕೈಹೊತ್ತು ಕೂತರು. ನನ್ನ ವರದಿಯಿಂದ ಒಬ್ಬಳ ಕೆಲಸ ಹೋಯ್ತು ಅಂತ ನಾನೇ ಒಪ್ಪಿಕೊಂಡರೆ, ನೋಡಿ ಅಧಿಕಾರ ಇತ್ತು ಅಂತ ಕಂಪನಿ ಕುಣಿಯುತ್ತಂತೆ. "ನೆನಪಿಲ್ಲ ಅಂದುಬಿಡಿ, ಸಾಕು" ಅಂದ್ರು. ಆಗಲ್ಲ ಅಂದೆ.

ಆ ಕೆಲಸ ತಗೋ. ನಾನು ಇದನ್ನ ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಹೇಳ್ತಿದ್ದೀನಿ. ನಿನಗೆ ಅದು ಯಾವತ್ತೋ ಸಿಗಬೇಕಿತ್ತು.

ಅಕ್ಕ


ಜೂನ್ ೧೫

ಮೊನ್ನೆ ಕೋರ್ಟಿನಲ್ಲಿ ನನ್ನ ಹೆಸರು ಕೂಗಿದಾಗ ನೀನು ಎದ್ದು ಹೊರಗೆ ಹೋದೆ. ನಾನು ಕಂಪನಿಯವರ ಬೆಂಚಿನಲ್ಲಿ ಕೂತಿದ್ದೆ, ಅವರ ಸಾಕ್ಷಿಯಾಗಿ ಬಂದಿದ್ದೆ, ಅವರೇ ಕೊಟ್ಟ ಟಿಕೆಟ್ಟಿನಲ್ಲಿ. ಕೂತು ಕೇಳೋಕೆ ನಿನಗೆ ಆಗಿರಲಿಕ್ಕಿಲ್ಲ. ಒಳಗೆ ಏನಾಯ್ತು ಅಂತ ವಕೀಲಮ್ಮ ಹೇಳಿರ್ತಾರೆ. ಆದರೂ ನನ್ನಿಂದ ಕೇಳು.

ಕಂಪನಿ ವಕೀಲರು ವರದಿ ತೋರಿಸಿ, "ಇದನ್ನ ಬರೆದವರು ಯಾರು?" ಅಂದ್ರು.

"ಮ್ಯಾನೇಜರ್" ಅಂದೆ.

ಅವರು ಕಾಗದದಿಂದ ತಲೆ ಎತ್ತಿದರು. ಮನೆಗೆ ಬಂದಿದ್ದ ವಿನಯವಂತರು ಹಿಂದಿನ ಸಾಲಿನಲ್ಲಿ ಕುರ್ಚಿ ಎಳೆದುಕೊಂಡ ಸದ್ದಾಯ್ತು.

"ನೀವು ನೋಡಿದ್ರಾ?"

"ನಾನು ಯಂತ್ರ ನಿಲ್ಲಿಸಿ, ನನ್ನನ್ನ ಒಳಗೆ ಕರೆಯೋ ತನಕ ಅರ್ಧ ಗಂಟೆ. ಅದರಲ್ಲಿ ಕೊನೇ ಐದು ನಿಮಿಷ ಬಿಟ್ಟು ಆಕೆ ನನ್ನ ಪಕ್ಕದಲ್ಲೇ ಇದ್ದಳು. ಐದು ನಿಮಿಷದಲ್ಲಿ ಎರಡು ಪುಟ ಟೈಪ್ ಮಾಡೋದಿರಲಿ, ಆಕೆಗೆ ಕಂಪ್ಯೂಟರ್ ಆನ್ ಮಾಡೋಕೂ ಬರಲ್ಲ."

ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ವರದಿ ಕೊಡಿ ಅಂತ ಕೈ ಚಾಚಿದರು. ನಾನು, "ಎರಡನೇ ಪುಟ ನೋಡಿ ಸ್ವಾಮಿ" ಅಂದೆ. "ತಾನೇ ಬರೆದಿದ್ದರೆ ರೋಲರ್ ನಂಬರ್ ತಪ್ಪಾಗ್ತಿತ್ತಾ? ಅದರ ಮುಂದೆ ದಿನಾ ನಿಲ್ಲೋ ಹೆಂಗಸು. ಗಾಜಿನ ಕಿಟಕಿ ಹಿಂದೆ ಕೂತು ನೋಡೋ ಮ್ಯಾನೇಜರಿಗೆ ಎರಡೂ ಒಂದೇ, ಮೂರೂ ಒಂದೇ. ತಪ್ಪು ಬರೆದವರು ಅವರು, ತಿದ್ದಿದವಳು ಇವಳು."

ಆ ತಿದ್ದಿದ ಪದವನ್ನ ನಾನು ತಿಂಗಳುಗಟ್ಟಲೆ ನಿನ್ನನ್ನ ಶಪಿಸೋಕೆ ಇಟ್ಟುಕೊಂಡಿದ್ದೆ. ಬಸ್ಸಿನಲ್ಲಿ ಬರುವಾಗ, ಅದು ಇನ್ನೊಂದು ಮಾತನ್ನೂ ಹೇಳುತ್ತೆ ಅಂತ ಹೊಳೀತು. ಹೊಳೆದಮೇಲೆ ಮುಚ್ಚಿಡೋದು ಹೇಗೆ?

ಆಮೇಲೆ ನಿಮ್ಮ ವಕೀಲಮ್ಮ ರಜದ ವಿಷಯ ಕೇಳಿದರು. ನಿಮ್ಮಪ್ಪ ತೀರಿಕೊಂಡ ಸುದ್ದಿ ಬಂದಾಗ ಆ ಬಿಳಿ ಕೋಟಿನಲ್ಲೇ ಮ್ಯಾನೇಜರ್ ಬಾಗಿಲ ಹೊರಗೆ ನಲವತ್ತು ನಿಮಿಷ ನಿಂತಿದ್ದೆಯಲ್ಲ, ಅವರ ಊಟ ಮುಗಿಯೋ ತನಕ, ಅದನ್ನ ಹೇಳಿದೆ. ತನಗೇ ಅರ್ಧ ದಿನ ರಜ ಕೊಟ್ಟುಕೊಳ್ಳೋಕೆ ಆಗದವಳು ನಮಗೇನು ಕೊಡ್ತಾಳೆ ಅಂದೆ.

ಕಂಪನಿ ವಕೀಲರು ಬಿಡಲಿಲ್ಲ. "ನಿಮಗೆ ಈಕೆಯ ಮೇಲೆ ಕೋಪ ಇಲ್ಲವೇ?"

"ಇದೆ. ಈಗಲೂ ಇದೆ."

"ಮತ್ತೆ ಈಕೆಯ ಪರವಾಗಿ ಯಾಕೆ ಮಾತಾಡ್ತಿದ್ದೀರಿ?"

"ಪರ ಅಲ್ಲ ಸ್ವಾಮಿ. ಅಧಿಕಾರ ಇತ್ತಾ ಅಂತ ಕೇಳಿದ್ರಿ, ಇರಲಿಲ್ಲ. ಬಾಯಿ ಇತ್ತು, ತೆಗೆಯಲಿಲ್ಲ. ಅದು ಯಾವ ಕಾನೂನಿಗೆ ಬರುತ್ತೋ ನನಗೆ ಗೊತ್ತಿಲ್ಲ."

ನ್ಯಾಯಾಧೀಶರು ಅದನ್ನ ಬರೆದುಕೊಂಡರೋ ಇಲ್ಲವೋ ನೋಡಲಿಲ್ಲ. ಇಳಿದುಬಂದೆ. ವಾಪಸ್ ಟಿಕೆಟ್ ಕಂಪನಿಯವರು ಕೊಡಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಹೊಸ ಲಾಂಡ್ರಿಯ ಕೆಲಸವೂ ಹೋಯ್ತು. ಅಮ್ಮ ಎರಡು ದಿನ ಮಾತು ಬಿಟ್ಟಿದ್ದರು.

ಹೊರಗೆ ಮರದ ಕೆಳಗೆ ನೀನು ನಿಂತಿದ್ದೆ. ನೋಡಿದೆ. ಮಾತಾಡಿಸೋಕೆ ಆಗಲಿಲ್ಲ. ಇದು ಕ್ಷಮೆ ಅಂತ ಅಂದ್ಕೋಬೇಡ.

ಇತಿ,
ಆಲ್ಟರೇಷನ್ ಅಂಗಡಿಯವಳು


ಆಗಸ್ಟ್ ೨೭

ತಂಗೀ,

ತೀರ್ಪು ಬಂತು. ಕೇಸು ನಮ್ಮದಾಯ್ತು. ವಾಪಸ್ ಕೆಲಸಕ್ಕೆ ತಗೋಬೇಕು ಅಂತ ಆದೇಶ. ಕಂಪನಿ ಮೇಲಿನ ಕೋರ್ಟಿಗೆ ಹೋದರೂ ಹೋಗಬಹುದು ಅಂತಾರೆ ವಕೀಲಮ್ಮ. ಸದ್ಯಕ್ಕಂತೂ ಸೋಮವಾರದಿಂದ ಹೋಗ್ತಿದ್ದೀನಿ.

ಮಗಳು ತೀರ್ಪನ್ನ ಜೋರಾಗಿ ಓದಿದಳು. "ಅರ್ಜಿದಾರಳಿಗೆ ಸ್ವತಂತ್ರವಾಗಿ ಯಾವ ತೀರ್ಮಾನವನ್ನೂ ತೆಗೆದುಕೊಳ್ಳುವ ಅಧಿಕಾರ ಇರಲಿಲ್ಲ. ಹುದ್ದೆಯ ಹೆಸರು ಮೇಲ್ವಿಚಾರಕಿಯದು, ಕೆಲಸ ಮಾತ್ರ ಕಾರ್ಮಿಕಳದು." ನಿಮ್ಮ ಭಾವ ಖುಷಿಯಿಂದ, "ಇನ್ನೊಂದು ಸಲ ಓದು" ಅಂದ್ರು. ಎರಡನೇ ಸಲ ಓದುವಾಗ ನಾನು ಎದ್ದು ಅಡುಗೆಮನೆಗೆ ಹೋದೆ. ನಲ್ಲಿ ಬಿಟ್ಟು ಪಾತ್ರೆ ತೊಳೆದೆ, ತೊಳೆದಿಟ್ಟ ಪಾತ್ರೆಗಳನ್ನೇ. ಕೆಲಸ ವಾಪಸ್ ಬಂದಿದ್ದಕ್ಕೆ ಸಂತೋಷ. ಎಂಟು ವರ್ಷ ಎದೆ ಉಬ್ಬಿಸಿ ಓಡಾಡಿದ್ದು ಏನಕ್ಕೆ ಅಂತ ಅಷ್ಟೇ ನಾಚಿಕೆ. ಎರಡೂ ಒಟ್ಟಿಗೆ ಬಂದರೆ ಮನುಷ್ಯ ಏನು ಮಾಡಬೇಕು ಹೇಳು.

ಅದೇ ತೀರ್ಪಿನಲ್ಲಿ ಇನ್ನೊಂದು ಸಾಲಿದೆ. ಮಗಳು ಅದನ್ನ ಓದದೆ ಹಾರಿಸಿದಳು, ನಾನೇ ಆಮೇಲೆ ಹುಡುಕಿ ಓದಿಕೊಂಡೆ. "ಸುಳ್ಳೆಂದು ತಿಳಿದೂ ಸಹೋದ್ಯೋಗಿಯ ವಿರುದ್ಧದ ವರದಿಗೆ ಸಹಿ ಹಾಕಿದ್ದು ಖಂಡನೀಯ." ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟಿದ್ದೀನಿ.

ಸೋಮವಾರ ಒಳಗೆ ಹೋದಾಗ ಕೋಟು ಕೊಡಲಿಲ್ಲ, ನಾನೂ ಕೇಳಲಿಲ್ಲ. ಸುರಕ್ಷತೆ ನೋಡೋ ಸರ್ಕಾರದ ಇನ್‌ಸ್ಪೆಕ್ಟರ್ ಬಂದು ಮೂರೂ ರೋಲರಿನ ಪಟ್ಟಿ ಪರೀಕ್ಷೆ ಮಾಡಿ ಹೋಗಿದ್ದಾರಂತೆ. ರೇಡಿಯೋಳ ಬೆರಳಿಗೆ ಯಾರು ಹೊಣೆ ಅನ್ನೋ ಪ್ರಶ್ನೆ ಈಗ ಮ್ಯಾನೇಜರ್ ಮೇಜಿನ ಮೇಲೆ ಬಂದಿದೆ. ಅವರು ಕಿಟಕಿಗೆ ಪರದೆ ಹಾಕಿಸಿದ್ದಾರೆ.

ಈಗ ನಿಜವಾದ ವಿಷಯ. ವಕೀಲಮ್ಮ ಹೇಳ್ತಾರೆ, ವರದಿ ಸುಳ್ಳು ಅಂತ ನಾನು ಪ್ರಮಾಣ ಮಾಡಿ ಹೇಳಿದ್ದು ಕೋರ್ಟಿನ ದಾಖಲೆಯಲ್ಲಿದೆ. ನಿನ್ನಿಂದ ಹೆದರಿಸಿ ರಾಜೀನಾಮೆ ಬರೆಸಿಕೊಂಡದ್ದು ಅಂತ ನೀನೂ ಅರ್ಜಿ ಹಾಕಬಹುದು. ತುಂಬಾ ತಡವಾಗಿದೆ, ಆ ಕಾರಣಕ್ಕೇ ತಳ್ಳಿಹಾಕಿದರೂ ಹಾಕಬಹುದು. ಆದರೆ ಅರ್ಜಿಯಂತೂ ಹಾಕಬಹುದು. ಸಾಕ್ಷಿಗೆ ನಾನು ನಿಲ್ತೀನಿ. ಕಾರಿಡಾರಿನಲ್ಲಿ ಹೆದರಿಸಿದವಳೇ ಬಂದು ಹೌದು ಅಂದರೆ ನ್ಯಾಯಾಧೀಶರೂ ಸ್ವಲ್ಪ ಯೋಚನೆ ಮಾಡಬೇಕಾಗುತ್ತೆ. ಅದರಿಂದ ನನಗೆ ಮತ್ತೆ ಗೇಟು ತೋರಿಸ್ತಾರೋ ಏನೋ. ತೋರಿಸಲಿ.

ನಿನಗೆ ಬೇಕಾದರೆ ಮಾತ್ರ. ನನ್ನ ಮನಸ್ಸು ಹಗುರ ಮಾಡೋಕೆ ಅಂತ ಬರಬೇಡ.

ಅಕ್ಕ


ಸೆಪ್ಟೆಂಬರ್ ೯

ಕಾಗದ ಬಂತು. ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. "ನಿನ್ನ ಇಷ್ಟ" ಅಂದ್ರು. ಅದು ಅವರ ಬಾಯಿಂದ ಬರೋದೇ ದೊಡ್ಡದು.

ಅರ್ಜಿ ಹಾಕ್ತೀನಿ. ನಿನ್ನ ಮನಸ್ಸು ಹಗುರ ಆಗುತ್ತೋ ಭಾರ ಆಗುತ್ತೋ ಅದು ನಿನ್ನ ಪಾಡು. ಒಂದು ಮಾತು ಈಗಲೇ ಹೇಳಿಬಿಡ್ತೀನಿ. ಈ ಸಲ ಪ್ರಶ್ನೆ ಕೇಳೋರು ನನ್ನ ಕಡೆಯವರು. ಏನೇನು ಕೇಳಬೇಕು ಅಂತ ನಾನು ಪಟ್ಟಿ ಮಾಡಿಕೊಡ್ತೀನಿ. ಸುಲಭವಾಗಿ ಇರಲ್ಲ. ಅಳೋದಾದರೆ ಮನೇಲಿ ಅತ್ತು ಮುಗಿಸಿ ಬಾ.

ಹದಿನೇಳಕ್ಕೆ ಬೆಳಗಿನ ಬಸ್ಸಿಗೆ ಬರ್ತೀನಿ. ಬಸ್ ಸ್ಟ್ಯಾಂಡಿಗೆ ಬಂದು ನಿಲ್ಲಬೇಡ, ದಾರಿ ನನಗೆ ಗೊತ್ತು. ವಕೀಲಮ್ಮನ ಹತ್ತಿರ ಹೋಗೋ ಮುಂಚೆ ನಿಮ್ಮನೆ ಕಡೆ ಬರ್ತೀನಿ. ಊಟಕ್ಕೆ ಏನೂ ಮಾಡೋಕೆ ಹೋಗಬೇಡ, ತಿಂದ್ಕೊಂಡೇ ಬರ್ತೀನಿ. ಟೀ ಕೊಟ್ಟರೆ ಕುಡೀತೀನಿ.

ನಾನು